ಇಪ್ಪತ್ತಾರು ನೆರೆಯವರು

ಫೆಬ್ರವರಿ 3, 2008. ಭಾನುವಾರ

ಇವತ್ತೂ ಅದಿರು ತುಂಬುವ ಆರು ಜನ ಲೋಡರ್‌ಗಳು. ಸಂಡೂರು ಗುಡ್ಡದಿಂದ ಒಂದೇ ಟ್ರ್ಯಾಕ್ಸ್ ಜೀಪಿನಲ್ಲಿ ತುರುಕಿಕೊಂಡು ಬಂದರು. ಉಡದಾರ, ತಾಯಿತ, ಕಡಗ, ಬೀಡಿಕಟ್ಟು, ಮೊಬೈಲು... ಎಲ್ಲ ಬಿಚ್ಚಿಸಿ ಟ್ರೇಗೆ ಹಾಕಿಸುವುದರಲ್ಲೇ ಅರ್ಧ ಹೊತ್ತು ಹೋಯಿತು. ಒಬ್ಬನ ಉಡದಾರದಲ್ಲಿ ಕಬ್ಬಿಣದ ಬೀಗದ ಕೈ. ಹಾಗೇ ಮ್ಯಾಗ್ನೆಟ್ ರೂಮಿಗೆ ನುಗ್ಗುತ್ತಿದ್ದ. ಗದರಿದೆ. ಗದರದಿದ್ದರೆ ಇವರು ಕೇಳುವವರಲ್ಲ.

ಹೊನ್ನೂರುಸ್ವಾಮಿ ಅಂತ ಒಬ್ಬ, ಮಾತಿನ ಮಲ್ಲ. ಕಣ್ಣು ಮುಚ್ಚಬೇಕು, ನಿದ್ದೆ ಮಾಡಬಾರದು, ಅಲ್ಲಾಡಬಾರದು, ಏನನ್ನೂ ಯೋಚಿಸಬಾರದು ಅಂತ ನಾನು ದಿನಾ ಹೇಳುವ ಪಾಠ ಹೇಳಿದೆ.

"ಏನೂ ಯೋಚ್ನಿ ಮಾಡಬ್ಯಾಡ ಅಂದ್ರ ಹೆಂಗ್ರಿ ಮೇಡಂ? ಮನ್ಯಾಗ ಮೂರು ಹೆಣ್ಮಕ್ಳದಾವು."

"ಏಳೆಂಟು ನಿಮಿಷ ಮರೀರಿ. ಹೊರಗ ಬಂದ ಮ್ಯಾಲ ಮೂವರನ್ನೂ ಸೇರಿಸಿ ಯೋಚ್ನಿ ಮಾಡ್ರಿ."

ಸಿದ್ದಲಿಂಗೇಶ್ ಸರ್ ಗಾಜಿನ ಈಚೆ ಕೂತು ನಕ್ಕರು. ಕಂಪ್ಲಿಯ ರೈಸ್‌ಮಿಲ್ ಮನೆಯವರು, ಬೆಂಗಳೂರಿನಲ್ಲಿ ನರರೋಗದ ಡಾಕ್ಟರು. ಮ್ಯಾಂಗನೀಸ್ ಧೂಳು ಕುಡಿದವರ ಮಿದುಳಿಗೆ ಏನಾಗುತ್ತದೆ ಅಂತ ನೋಡಲು ನಮ್ಮ ಸ್ಕ್ಯಾನ್ ಸೆಂಟರಿನ ಎಂಆರ್‌ಐ ಬಾಡಿಗೆಗೆ ಹಿಡಿದಿದ್ದಾರೆ. ಮೆಷಿನ್ ಓಡಿಸುವವಳು ನಾನು. ಆಮೇಲೆ ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆಯುವವಳೂ ನಾನೇ, ಕಲಿಸಿಕೊಟ್ಟಿದ್ದಾರೆ. ಸಂಬಳ ಮಾತ್ರ ಸೆಂಟರಿನದ್ದು. ಬೈಗುಳ ಎರಡೂ ಕಡೆಯದ್ದು.

ತಲೆಯ ಕೆಳಗಿಡುವ ಸ್ಪಂಜಿನ ಕವರ್‌ಗಳು ಮತ್ತೆ ಹೊಲಸಾಗಿವೆ. ಒಗೆಯಲು ಮನೆಗೆ ತಂದೆ.

ಫೆ. 4, ಸೋಮವಾರ

ಕಂಪ್ಲಿ ಕಡೆಯ ಗದ್ದೆಯವರ ಪಾಳಿ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಹಾಗಾಗಿ ಅವರು ಸಿಗುವುದು ಸೋಮವಾರವೇ. ಹಣೆಗೆ ವಿಭೂತಿ ಹಚ್ಚಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಬೀಗರ ಮನೆಗೆ ಬಂದ ಹಾಗೆ ಬರುತ್ತಾರೆ. ಗಣಿಯ ಮಣ್ಣು ಕಾಣದವರು. ಲೋಡರ್‌ಗಳ ತಲೆಯನ್ನು ಇವರ ತಲೆಯ ಪಕ್ಕ ಇಟ್ಟು ನೋಡಬೇಕು. ಅದೇ ಈ ಕೆಲಸ.

ಸಂಜೆ ಅತ್ತೆ ಕೇಳಿದರು, "ಏನ್ ನೋಡ್ತೀರಿ ಅದರಾಗ? ಹುಣ್ಣು ಐತ್ಯೋ ಇಲ್ಲೋ ಅಂತನ?"

ಹುಣ್ಣಲ್ಲ. ಮಿದುಳನ್ನು ಸಕ್ಕರೆ ಅಚ್ಚಿನಂಥ ಸಣ್ಣ ಸಣ್ಣ ತುಂಡುಗಳೆಂದುಕೊಳ್ಳಿ ಅಂದೆ. ಒಂದೊಂದರ ಸುತ್ತ ಮುಟ್ಟಿಕೊಂಡು ಇಪ್ಪತ್ತಾರು ನೆರೆಯವರು. ಸುಮ್ಮನೆ ಮಲಗಿದ್ದರೂ ಪ್ರತಿಯೊಂದಕ್ಕೂ ರಕ್ತ ಏರುತ್ತದೆ, ಇಳಿಯುತ್ತದೆ. ನೆರೆಯವರೆಲ್ಲ ಕೂಡಿ ಏರಿ ಕೂಡಿ ಇಳಿದರೆ ಆ ಜಾಗ ಚೆನ್ನಾಗಿದೆ. ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡಿದರೆ ಅಲ್ಲೇನೋ ಕೆಟ್ಟಿದೆ. ಎಷ್ಟು ಹೊಂದಿಕೆ ಇದೆ ಅಂತ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿ. ಅದನ್ನೇ ಬಣ್ಣದ ನಕ್ಷೆ ಮಾಡುತ್ತೇವೆ. ಹಳದಿ ಅಂದರೆ ಹೊಂದಿಕೆ, ನೀಲಿ ಅಂದರೆ ಇಲ್ಲ.

ಅತ್ತೆಗೆ ತಿಳಿಯಲಿಲ್ಲ. ಓಣಿಯಲ್ಲಿ ಎಲ್ಲರ ಮನೆಯ ಒಲೆ ಒಂದೇ ಹೊತ್ತಿಗೆ ಹತ್ತಿದ ಹಾಗೆ ಅಂದೆ.

"ನಮ್ಮ ಓಣ್ಯಾಗ ಈಗ ಯಾರ ಒಲಿ ಯಾವಾಗ ಹತ್ತತೈತೋ ಶಿವನ ಬಲ್ಲ. ಎಲ್ಲಾರೂ ಲಾರಿ ತಗೊಂಡು ಕುಂತಾರ" ಅಂದರು. ಅದೂ ನಿಜ.

ಫೆ. 12, ಮಂಗಳವಾರ

ಕಮಲಾಪುರಕ್ಕೆ ಹೋಗಿದ್ದೆವು. ನಮ್ಮ ಮನೆಯವರ ದೊಡ್ಡಪ್ಪನ ಮಣ್ಣು. ಹೆಣ ಕೂಡಿಸಿ ಭಜನೆ ನಡೆದಿತ್ತು. ದೊಡ್ಡಮ್ಮ ಎದೆ ಬಡಿದುಕೊಂಡು ಅಳುತ್ತಿದ್ದರು. ಇವರು ನಕ್ಕರು.

ಮುಗುಳ್ನಗೆ ಅಲ್ಲ. ನಗು. ನಿಲ್ಲಿಸಲಾಗದೆ ಟವೆಲ್ ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದರು. ಭಜನೆಯವರೂ ಒಂದು ಕ್ಷಣ ತಾಳ ಬಿಟ್ಟರು. ನಾನು ನೆಲ ನೋಡುತ್ತಾ ಕೂತೆ. ಬರುವಾಗ ಬೈಕಿನ ಮೇಲೆ "ಯಾಕ್ ನಕ್ಕಿರಿ?" ಅಂತ ಕೇಳಿದರೆ, "ಗೊತ್ತಿಲ್ಲ ಗಂಗಾ. ನಾ ನಕ್ಕಿದ್ದಲ್ಲ, ನಗು ತಾನ ಬಂತು" ಅಂದರು. ಆಮೇಲೆ ಕಮಲಾಪುರ ಕೆರೆ ದಾಟುವವರೆಗೆ ಸಿಡಿಮಿಡಿ.

ಅತ್ತೆಗೆ ಇದೆಲ್ಲ ದುಡ್ಡಿನ ಮದ. ಮಗ ಎರಡು ಟಿಪ್ಪರ್ ಕೊಂಡ ಮೇಲೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲವಂತೆ. "ನಡಿಗಿ ನೋಡು ಅವನ್ದು. ಹಿಮ್ಮಡಿ ಊರಂಗಿಲ್ಲ. ಹುಂಜ ನಡ್ದಂಗ ನಡೀತಾನ" ಅಂತಾರೆ. ಊರಿಗೆ ಊರೇ ಹೀಗೆ ಮಾತಾಡುತ್ತದೆ, ಅದಿರಿನ ದುಡ್ಡು ಬಂದವರೆಲ್ಲ ಹಾಗೇ ನಡೆಯುತ್ತಾರೆ ಅಂತ.

ಆದರೆ ಟಿಪ್ಪರ್ ಕೊಳ್ಳುವ ಮೊದಲು ಇವರು ಎಲ್ಲಿದ್ದರು ಅನ್ನುವುದು ನನಗೆ ಗೊತ್ತು. ಒಂಬತ್ತು ವರ್ಷ ಸಂಡೂರು ಹತ್ತಿರದ ಮ್ಯಾಂಗನೀಸ್ ಪುಡಿ ಮಾಡುವ ಶೆಡ್ಡಿನಲ್ಲಿ ಸೂಪರ್‌ವೈಸರ್. ಮೂಗಿಗೆ ಕರ್ಚೀಫು ಕಟ್ಟಿದರೆ ಕಟ್ಟಿದರು, ಇಲ್ಲದಿದ್ದರೆ ಇಲ್ಲ. ಬಿಟ್ಟು ಎರಡು ವರ್ಷ ಆಯಿತು. ಸಿದ್ದಲಿಂಗೇಶ್ ಸರ್ ಮೊದಲ ದಿನವೇ ನಮಗೆಲ್ಲ ಹೇಳಿದ್ದರು, ಈ ಧೂಳು ತಲೆಗೆ ಏರಿದರೆ ಕಾರಣವಿಲ್ಲದೆ ನಗು ಬರುತ್ತದೆ, ಸಿಟ್ಟು ಬರುತ್ತದೆ, ತುದಿಗಾಲ ನಡಿಗೆ ಬರುತ್ತದೆ ಅಂತ. ಅವತ್ತು ಎಲ್ಲರ ಜೊತೆ ನಾನೂ ತಲೆ ಆಡಿಸಿದ್ದೆ.

ಇಲ್ಲಿ ಬರೆದದ್ದನ್ನು ಇನ್ನೂ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ.

ಫೆ. 17, ಭಾನುವಾರ

ಸರ್‌ಗೆ ತೋರಿಸೋಣ ಅಂದರೆ ಇವರು ಮನೆ ತಲೆಕೆಳಗು ಮಾಡುತ್ತಾರೆ. ಹೋದ ವರ್ಷ ಜ್ವರಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೇ ಒಂದು ಯುದ್ಧ ಆಗಿತ್ತು. "ಕಲ್ಲು ತಿಂದು ಕರಗಿಸ್ಕೊಂಡಾಂವ ನಾ" ಅಂತ ಒಂದು ಮಾತಿದೆ ಬಾಯಲ್ಲಿ.

ಆದರೆ ಮೆಷಿನ್ ನನ್ನ ಕೈಯಲ್ಲಿದೆ. ಯಾರಿಗೂ ತಿಳಿಯದ ಹಾಗೆ ನೋಡಬಹುದು. ನೋಡಿ, ಏನೂ ಇಲ್ಲ ಅಂತ ಗೊತ್ತುಮಾಡಿಕೊಂಡು, ಮರೆತುಬಿಡಬಹುದು.

ಫೆ. 24, ಭಾನುವಾರ

ಮಾಡಿದೆ.

ಆರೋಗ್ಯವಂತ ಗಂಡಸರು ಸಾಲುತ್ತಿಲ್ಲ, ನೀವು ಬಂದರೆ ಲೆಕ್ಕ ತುಂಬುತ್ತದೆ ಅಂದೆ. ಸುಳ್ಳು. ಇವರು ಗಾದಿಗನೂರಿನ ಅದಿರು ಸ್ಟಾಕ್‌ಯಾರ್ಡಿನಿಂದ ನೇರವಾಗಿ ಬಂದರು, ಅಂಗಿಯೆಲ್ಲ ಕೆಂಪು. ಸರ್ ಆಗಲೇ ಕಂಪ್ಲಿಗೆ ಊಟಕ್ಕೆ ಹೋಗಿದ್ದರು.

ಉಂಗುರ, ವಾಚು, ಬೆಲ್ಟು ತೆಗೆದುಕೊಟ್ಟರು. ಕೊರಳ ಲಿಂಗದ ಕರಡಿಗೆಗೆ ಕೈ ಹಾಕಲಿಲ್ಲ. "ಇದು ಮಾತ್ರ ಬಿಚ್ಚಂಗಿಲ್ಲ" ಅಂದರು. ನಾನೂ ಬಿಚ್ಚಿ ಅನ್ನಲಾರೆ. ಸಣ್ಣ ಅಯಸ್ಕಾಂತ ಹಿಡಿದು ನೋಡಿದೆ. ಬೆಳ್ಳಿ, ಎಳೆಯಲಿಲ್ಲ. ದಾರ ಸರಿಸಿ ಎದೆಯ ಮೇಲೆ ಟೇಪ್ ಹಚ್ಚಿದೆ.

ಟೇಬಲ್ ಒಳಗೆ ಹೋಗುವಾಗ ನನ್ನನ್ನೇ ನೋಡಿದರು. ತಲೆಗೆ ಹಾಕುವ ಆ ಪಂಜರದೊಳಗಿಂದ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಮುಗುಳ್ನಕ್ಕೆ. ಎಲ್ಲರಿಗೂ ನಗುವ ಹಾಗೆ, ಅಭ್ಯಾಸ.

ಫೆ. 27, ಬುಧವಾರ

ನಕ್ಷೆ ಬಂತು. ಹಣೆಯ ಹಿಂದೆ, ನೆತ್ತಿಯ ಕೆಳಗೆ ಎಲ್ಲ ನೀಲಿ. ಇಷ್ಟು ನೀಲಿ ಹೊನ್ನೂರುಸ್ವಾಮಿಯದ್ದೂ ಇಲ್ಲ.

ಸಾದಾ ಚಿತ್ರವನ್ನೂ ತೆಗೆದು ನೋಡಿದೆ. ಧೂಳಿನಲ್ಲಿ ದುಡಿಯುತ್ತಿರುವವರಿಗೆ ಮಿದುಳಿನ ನಡುವೆ ಎರಡೂ ಕಡೆ ಬಿಳುಪು ಕಾಣಬೇಕು. ಇವರಿಗೆ ಇಲ್ಲ. ಒಂದು ಗಳಿಗೆ ಉಸಿರು ಬಂತು. ಆಮೇಲೆ ಸರ್ ಹೇಳಿದ್ದು ನೆನಪಾಯಿತು. ಕೆಲಸ ಬಿಟ್ಟ ಮೇಲೆ ಆ ಬಿಳುಪು ಮೆಲ್ಲಗೆ ಹೋಗಿಬಿಡುತ್ತದಂತೆ, ಕೆಟ್ಟದ್ದು ಹಾಗೇ ಉಳಿಯುತ್ತದಂತೆ.

ಮನೆಗೆ ಬಂದೆ. ಇವರು ಟಿವಿ ನೋಡುತ್ತಿದ್ದರು. ರೊಟ್ಟಿ ಬಡಿದೆ. ಬದನೆಕಾಯಿಗೆ ಉಪ್ಪು ಹಾಕುವುದು ಮರೆತಿದ್ದೆ, ಇವರು ಮಾತಿಲ್ಲದೆ ಉಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15, ಶನಿವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿತ್ತು?

ಇವತ್ತು ಸರ್ ಬಂದಿದ್ದರು. ಎರಡೂ ಗುಂಪಿನ ಲೆಕ್ಕ ಒಟ್ಟು ಹಾಕಿ ನೋಡಿದೆವು. ಲೋಡರ್‌ಗಳ ಗುಂಪಿನಲ್ಲಿ ಮಿದುಳಿನ ಮುಂಭಾಗ, ಮೇಲ್ಭಾಗ ಎರಡರಲ್ಲೂ ಹೊಂದಿಕೆ ಬಹಳ ಕಡಿಮೆಯಾಗಿದೆ. ಸರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತರು.

"ಇಷ್ಟು ದೊಡ್ಡ ವ್ಯತ್ಯಾಸ ಬರ್ತದಂತ ನಾ ಅನ್ಕೊಂಡಿದ್ದಿಲ್ಲ ಗಂಗಾಂಬಿಕಾ. ಇನ್ನ ಗಣಿ ಮಾಲಕರು ಧೂಳಿನಿಂದ ಏನೂ ಆಗಿಲ್ಲ ಅಂತ ಹೇಳಾಕ ಬರಂಗಿಲ್ಲ."

ನನಗೂ ಕಾಫಿ ತರಿಸಿಕೊಟ್ಟರು. ಕುಡಿದೆ. ಅವರು ಬೆರಳಿಟ್ಟು ತೋರಿಸಿದ ಜಾಗಗಳೆಲ್ಲ ನನಗೆ ಬಾಯಿಪಾಠ. ದಿನಾ ತೆಗೆದು ನೋಡುವ ಇನ್ನೊಂದು ನಕ್ಷೆಯಲ್ಲಿ ಅವೇ ಜಾಗಗಳು. ಹೇಳಲೇ ಅಂದುಕೊಂಡೆ. ಹೇಳಿದರೆ ನಿಜವಾಗಿಬಿಡುತ್ತದೆ. ಕಪ್ ತೊಳೆದಿಟ್ಟು ಮನೆಗೆ ಬಂದೆ.

ಮಾರ್ಚ್ 19

ಇವರು ಇವತ್ತು ಅತ್ತೆಯ ಮೇಲೆ ತಟ್ಟೆ ಎಸೆದರು. ಆಮೇಲೆ ತಾವೇ ಕೂತು ಅನ್ನದ ಅಗುಳು ಆರಿಸಿದರು.

ಏಪ್ರಿಲ್ 13, ಭಾನುವಾರ

ಅತ್ತೆ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂಗಾಡುತ್ತಿದ್ದರು. "ಇವನ ದಿಂಬಿನ ಚೀಲಾ ನೋಡು. ಎಷ್ಟು ತಿಕ್ಕಿದ್ರೂ ಕೆಂಪು ಹೋಗವಲ್ದು. ತಲ್ಯಾಗ ಅರ್ಧ ಗುಡ್ಡ ಹೊತ್ಕೊಂಡು ಬರ್ತಾನ."

ಪಕ್ಕದಲ್ಲಿ ನಾನು ಸೆಂಟರಿನ ಸ್ಪಂಜಿನ ಕವರ್‌ಗಳನ್ನು ನೆನೆಹಾಕಿದ್ದೆ. ಲೋಡರ್‌ಗಳ ತಲೆಯಡಿ ಇದ್ದವು ದಿಂಬಿನ ಚೀಲದ ಹಾಗೇ ಕೆಂಪು. ಗದ್ದೆಯವರವು ಬೆಳ್ಳಗೆ.

ಕೈ ಹಾಗೇ ನೀರಿನಲ್ಲಿ ನಿಂತಿತು.

ಸೆಂಟರಿಗೆ ಹೋಗಿ ಹೊನ್ನೂರುಸ್ವಾಮಿಯ ಮೊಬೈಲಿಗೆ ಫೋನ್ ಮಾಡಿದೆ. ತಲೆಗೆ ಯಾವಾಗ ನೀರು ಹಾಕಿಕೊಳ್ಳುತ್ತೀರಿ ಅಂತ ಕೇಳಿದೆ. ಅವನಿಗೆ ಹುಚ್ಚಿಯ ಮಾತು ಅನ್ನಿಸಿರಬೇಕು.

"ಸೋಮಾರ ಎರ್ಕೊಳ್ತೀವ್ರಿ. ಶಿವನ ವಾರ ಅಲ್ಲೇನ್ರಿ. ಉಳಿದ ದಿನ ಮೈಗಷ್ಟ. ಕ್ಯಾಂಪಿನ್ಯಾಗ ನೀರೆಲ್ಲೈತ್ರಿ ದಿನಾ ತಲಿ ತೊಳ್ಕೊಳ್ಳಾಕ?"

ಸೋಮವಾರ. ಇಲ್ಲಿ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳುವುದು ಸೋಮವಾರ. ಗದ್ದೆಯವರು ಅವತ್ತೇ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಲೋಡರ್‌ಗಳು ಬರುವುದು ಭಾನುವಾರ, ವಾರದ ಅದಿರಿನ ಧೂಳೆಲ್ಲ ಕೂದಲಲ್ಲಿ ಹೊತ್ತುಕೊಂಡು. ಗುಡ್ಡದಲ್ಲಿ ಮ್ಯಾಂಗನೀಸಿನ ಜೊತೆ ಕಬ್ಬಿಣದ ಅದಿರೂ ಇದೆ, ಕೆಂಪು ಧೂಳು ಅಂದರೆ ಕಬ್ಬಿಣ. ಕಬ್ಬಿಣ ಹೊತ್ತ ತಲೆ ಅಯಸ್ಕಾಂತದ ಒಳಗೆ! ಉಡದಾರದ ಬೀಗದ ಕೈ ಹುಡುಕುತ್ತೇನೆ, ಕೂದಲು ನೋಡಲಿಲ್ಲ. ಸರ್ ಹುಟ್ಟಿದ್ದು ಕಂಪ್ಲಿಯಲ್ಲಿ, ನಾನು ಹೊಸಪೇಟೆಯಲ್ಲಿ. ಇಬ್ಬರಿಗೂ ಹೊಳೆಯಲಿಲ್ಲ. ಈ ಊರಲ್ಲಿ ಕೆಂಧೂಳನ್ನು ಯಾರು ಧೂಳು ಅಂತ ಲೆಕ್ಕಕ್ಕೆ ಇಡುತ್ತಾರೆ?

ಇವರು ಬಂದದ್ದೂ ಭಾನುವಾರ. ಯಾರ್ಡಿನಿಂದ.

ಏ. 14, ಸೋಮವಾರ

ದಿನಾ ಬೆಳಿಗ್ಗೆ ಮೆಷಿನ್ ಸರಿ ಇದೆಯೇ ಅಂತ ನೋಡಲು ನೀರು ತುಂಬಿದ ಒಂದು ಗುಂಡು ಇದೆ. ಅದರ ಚಿತ್ರ ಯಾವಾಗಲೂ ದುಂಡಗೆ ಬರಬೇಕು. ಇವತ್ತು ಒಗೆಯದೆ ಉಳಿದ ಒಂದು ಕೆಂಪು ಕವರನ್ನು ಅದಕ್ಕೆ ಸುತ್ತಿ ಒಳಗಿಟ್ಟೆ.

ಇಲಿ ಕಚ್ಚಿದ ಹಣ್ಣಿನ ಹಾಗೆ ಬಂತು. ಅಂಚೆಲ್ಲ ತಿಂದುಹೋಗಿದೆ.

ನಾನು ಆ ಕತ್ತಲ ರೂಮಿನಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ. ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೂದಲು, ಸೋಮವಾರ, ನೀರಿನ ಗುಂಡು. 

"ನಾವು ಇಷ್ಟು ದಿನ ಮಾಡಿದ್ದೆಲ್ಲ ನೀರಾಗ ಹೋತು ಅಂತ ಹೇಳಾಕ ಫೋನ್ ಮಾಡೀರಿ. ನಿಮ್ಮ ದನಿ ಕೇಳಿದ್ರ ಮದುವಿಗೆ ಕರಿಯಾಕ ಮಾಡಿದಂಗೈತಲ್ಲ?"

 ಅವರು ಒಳ್ಳೆಯವರು. "ಸರಿ. ನೀವು ಹಿಡಿದಿದ್ದು ಛಲೋ ಆತು. ಎಲ್ಲಾರಿಗೂ ತಲಿ ತೊಳಸಿ ಮತ್ತ ತಗಿಯೂಣು" ಅಂದರು.

ಆ ಲೋಡರ್‌ಗಳ ಪರವಾಗಿ ಹೇಳಲು ಸರ್ ಕೈಯಲ್ಲಿ ಇದ್ದದ್ದು ಅದೊಂದೇ. ಅದನ್ನು ಕಸಿದುಕೊಂಡೆ. ನಾಚಿಕೆ ಆಗಬೇಕಿತ್ತು. ಆಗಲಿಲ್ಲ.

ಏ. 20, ಭಾನುವಾರ

ಇವರನ್ನು ಬಚ್ಚಲಲ್ಲಿ ಕೂರಿಸಿ ನಾನೇ ಎರೆದೆ. ಸೀಗೇಪುಡಿ, ಬಿಸಿನೀರು. ಮದುವೆಯಾದ ಹೊಸದರಲ್ಲಿ ಒಮ್ಮೆ ಎರೆದಿದ್ದೆ, ಆಮೇಲೆ ಈಗಲೇ. "ಏನಿದು ಇವತ್ತ, ಹಬ್ಬ ಇಲ್ಲ ಹುಣ್ಣಿಮಿ ಇಲ್ಲ" ಅಂದರು.

"ನಾಳೆ ಇನ್ನೊಂದು ಸಲ ಸ್ಕ್ಯಾನಿಗೆ ಬರ್ರಿ. ಹೋದ ಸಲದ್ದು ಹಾಳಾತು."

"ಬರ್ತೀನಿ" ಅಂದರು. ಯಾಕೆ, ಏನು ಅಂತ ಒಂದೂ ಕೇಳಲಿಲ್ಲ. ಇವರಿಗೆ ಇಷ್ಟು ಸಲೀಸಾಗಿ ಒಪ್ಪುವ ಸ್ವಭಾವವೇ ಇಲ್ಲ.

ನೀರು ಕುಂಕುಮ ಕದಡಿದ ಹಾಗೆ ಹರಿಯಿತು. ಮೂರು ಸಲ ತಿಕ್ಕಿದ ಮೇಲೆ ತಿಳಿಯಾಯಿತು. ಕಣ್ಣು ಮುಚ್ಚಿಕೊಂಡು ತಲೆ ನನ್ನ ಹೊಟ್ಟೆಗೆ ಒರಗಿಸಿ ಕೂತಿದ್ದರು. ಈ ತಲೆ ನನ್ನದು, ಇದಕ್ಕೆ ಏನೂ ಆಗಿಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಎಷ್ಟು ಪ್ರೀತಿ ಬಂತೆಂದರೆ, ಸಿಟ್ಟು ಬಂದ ಹಾಗೆ ಬಂತು.

ಏ. 22, ಮಂಗಳವಾರ

ಹಳದಿ! ಹಣೆಯ ಹಿಂದೆ ಹಳದಿ, ನೆತ್ತಿಯ ಕೆಳಗೆ ಹಳದಿ. ನೀಲಿಯೆಲ್ಲ ಸೀಗೇಪುಡಿಯ ಜೊತೆ ಚರಂಡಿಗೆ ಹೋಗಿದೆ.

ಆಳದ ಪದರಗಳನ್ನು ತೆರೆಯಲಿಲ್ಲ. ಕೂದಲ ಧೂಳಿನ ಪ್ರಭಾವ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಹೋಗದ ಮೇಲೆ ನೋಡುವುದೇನಿದೆ? ಮುಚ್ಚಿಟ್ಟೆ.

ಸಂಜೆ ಹೋಳಿಗೆ ಮಾಡಿದೆ. ಯಾಕೆ ಅಂತ ಅತ್ತೆ ಕೇಳಿದರು. ಸ್ಕ್ಯಾನಿನಲ್ಲಿ ನಿಮ್ಮ ಮಗನ ತಲೆ ಚಿನ್ನದಂಥ ತಲೆ ಅಂತ ಬಂತು, ಹೋದ ಸಲ ಕೆಟ್ಟದಾಗಿ ಕಂಡದ್ದು ಬರೀ ಕೂದಲಿನ ಧೂಳು ಅಂದೆ. ಇವರು ತುಪ್ಪ ಹಾಕಿಸಿಕೊಂಡು ತಿಂದರು.  ನನ್ನ ಮುಖವನ್ನೇ ನೋಡಿ ನೋಡಿ ತಿಂದರು.

ಏ. 28, ಸೋಮವಾರ

ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾಯಿ ಒಡೆಸಿ ಬಂದೆವು. ಹೊಳೆಗೆ ಇಳಿಯುವ ಮೆಟ್ಟಿಲ ಹತ್ತಿರ ಇವರು ಮೇಲೇ ನಿಂತರು. ಬಿಸಿಲು ಅಂದರು. ಇರಬಹುದು, ಬಿಸಿಲು ಭಾಳ ಇತ್ತು.

ಮೇ 11, ಭಾನುವಾರ

ಎಲೆಕ್ಷನ್ ಗಲಾಟೆ. ರಸ್ತೆ ತುಂಬ ಮೈಕಿನ ಜೀಪುಗಳು. ಸೆಂಟರಿನ ಹಿಂದುಗಡೆ ಡ್ರಮ್ಮು ಇಟ್ಟು, ಒಲೆ ಹೂಡಿ, ಲೋಡರ್‌ಗಳಿಗೆಲ್ಲ ತಲೆ ತೊಳೆಸುತ್ತಿದ್ದೇವೆ. ಓನರ್ ಬಂದು ಚರಂಡಿ ಕೆಂಪಾಗಿದ್ದು ನೋಡಿ, "ಇದೇನು ಸ್ಕ್ಯಾನ್ ಸೆಂಟರ್ರೋ ಧೋಬಿಘಾಟೋ" ಅಂತ ಕೂಗಾಡಿ ಹೋದರು.

ಹೊನ್ನೂರುಸ್ವಾಮಿ ಕಲ್ಲಿನ ಮೇಲೆ ಕೂತು, "ಮದುಮಗಗ ಎರ್ದಂಗ ಎರೀತೀರಲ್ರಿ. ಇನ್ನೊಂದು ಹೆಣ್ಣು ನೋಡೀರೇನ್ ನಂಗ?" ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಎಲ್ಲರದ್ದೂ ನಿಂತ ಮೇಲೂ ಅವನದ್ದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದು, ಕೈಯಲ್ಲಿ ಬಾಯಿ ಒತ್ತಿಕೊಂಡು, ನನ್ನ ಕಡೆ ನೋಡಿದ. ಸಾಕು ಮಾಡಿ ಮೇಡಂ ಅನ್ನುವ ಹಾಗೆ.

ನಾನು ಒಳಗೆ ಹೋಗಿ ಮೆಷಿನ್ ರೆಡಿ ಮಾಡಿದೆ.

ಜೂನ್ 8, ಭಾನುವಾರ

ಸರ್ ಬಂದಿದ್ದಾರೆ. ತೊಳೆದ ತಲೆಗಳ ಲೆಕ್ಕ ಪೂರ್ತಿ ಆಯಿತು. ಮುಂಭಾಗ, ಮೇಲ್ಭಾಗದ ವ್ಯತ್ಯಾಸ ಎಲ್ಲ ಹೋಯಿತು. ಅದು ಧೂಳೇ.

ಉಳಿದದ್ದು ಒಂದೇ ಕಡೆ. ಆಳದಲ್ಲಿ, ನಟ್ಟನಡುವೆ. ಪುಟಾಮೆನ್ ಅನ್ನುತ್ತಾರೆ, ಕೈಕಾಲಿನ ಚಲನೆ ಹದದಲ್ಲಿಡುವ ಜಾಗ. ವ್ಯತ್ಯಾಸ ಸಣ್ಣದು. ಆದರೆ ತೊಳೆಯುವ ಮೊದಲೂ ಇತ್ತು, ತೊಳೆದ ಮೇಲೂ ಇದೆ.

"ಇದು ಖರೇದ್ದು" ಅಂದರು ಸರ್. ಈ ಸಲ ಎದ್ದು ನಿಲ್ಲಲಿಲ್ಲ. "ಮೊದಲಿಂದು ದೊಡ್ಡದಿತ್ತು, ಸುಳ್ಳಿತ್ತು. ಇದು ಸಣ್ಣದೈತಿ, ನಿಂತೈತಿ. ನಿಮ್ಮಿಂದ ಆತು."

ನಾನು ಇನ್ನೊಂದು ಫೈಲ್ ತೆರೆದೆ. ಏಪ್ರಿಲ್‌ನಲ್ಲಿ ತೆರೆಯದೆ ಬಿಟ್ಟ ಪದರಗಳು. ನಡುವೆ ನೀಲಿ. ಎರಡೂ ಕಡೆ.

"ಇದು ಯಾರದು?" ಅಂದರು.

"ನಮ್ಮ ಮನೆಯವರದು ಸರ್."

ಎಲ್ಲ ಹೇಳಿದೆ. ಒಂಬತ್ತು ವರ್ಷದ ಶೆಡ್ಡು, ದೊಡ್ಡಪ್ಪನ ಮಣ್ಣಿನಲ್ಲಿ ನಕ್ಕದ್ದು, ತಟ್ಟೆ, ಸುಳ್ಳು ಹೇಳಿ ಕರೆತಂದದ್ದು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಗಂಗಾಂಬಿಕಾ, ಈ ಅಂಕಿ ಗುಂಪಿಗೆ ಮಾತ್ರ. ಇಷ್ಟು ಮಂದಿ ಸರಾಸರಿ ಆ ಕಡೆ, ಇಷ್ಟು ಮಂದಿ ಸರಾಸರಿ ಈ ಕಡೆ. ಒಬ್ಬನ ನಕ್ಷಿ ಹಿಡ್ಕೊಂಡು ಅವಂಗ ರೋಗ ಐತಿ, ಇಲ್ಲ ಅಂತ ಹೇಳಾಕ ಬರಂಗಿಲ್ಲ. ನಮ್ಮ ಗದ್ದಿಯವರ ಪೈಕಿನೂ ಇಬ್ಬರದು ಹಿಂಗ ಐತಿ, ಅವರು ಗುಂಡುಕಲ್ಲಿನಂಗದಾರ."

"ಹಂಗಾರ ಇದು ಏನೂ ಹೇಳಂಗಿಲ್ಲೇನು ಸರ್?"

"ನಿಮ್ಮವರ ಬಗ್ಗೆ ಇದು ಏನೂ ಹೇಳಂಗಿಲ್ಲ."

ನಾಲ್ಕು ತಿಂಗಳು. ನೀಲಿ ನೋಡಿ ಹೆದರಿದೆ, ಧೂಳು ನೋಡಿ ಕುಣಿದೆ, ಹೋಳಿಗೆ ಮಾಡಿದೆ. ಏನೂ ಹೇಳುವುದಿಲ್ಲವಂತೆ.

ಆಮೇಲೆ ಸರ್ ಕೇಳಿದರು, "ಅವರನ್ನ ಹಿಂದಕ್ಕ ನಡಸಿ ನೋಡೀರೇನು?"

ಇಲ್ಲ ಅಂದೆ. ಈ ರೋಗದವರು ಮುಂದಕ್ಕೆ ಹೇಗೋ ನಡೆಯುತ್ತಾರಂತೆ. ಹಿಂದಕ್ಕೆ ಹೆಜ್ಜೆ ಇಟ್ಟರೆ ತಡೆಯಲಾಗದೆ ಬೀಳುತ್ತಾರಂತೆ. ಅಂಗಳದಲ್ಲಿ ನೋಡಬಹುದು, ಮೆಷಿನ್ ಬೇಡ. "ನೀವು ಹಿಂದ ನಿಂತಿರ್ರಿ. ಬೀಳಾಕ ಬಿಡಬ್ಯಾಡ್ರಿ. ನೋಡಿ ನಂಗ ಫೋನ್ ಮಾಡ್ರಿ, ನಾನ ಬರ್ತೀನಿ. ಬೇಗ ಗೊತ್ತಾದಷ್ಟು ಛಲೋ" ಅಂದರು.

ಜೂ. 9

ಇವತ್ತು ಆಗಲಿಲ್ಲ. ಟಿಪ್ಪರ್ ರಿಪೇರಿ ಅಂತ ಇವರು ಬೆಳಿಗ್ಗೆಯೇ ಹೋದರು.

ಜೂ. 11

ಇದ್ದರು. ಕೇಳಲಿಲ್ಲ.

ಜೂ. 13

ಸರ್ ಫೋನ್ ಮಾಡಿದ್ದರು. ತೆಗೆಯಲಿಲ್ಲ.

ಜೂ. 16, ಸೋಮವಾರ

ಬೆಳಿಗ್ಗೆ ಇವರು ಅಂಗಳದಲ್ಲಿ ಮುಖ ತೊಳೆದು ನಿಂತಿದ್ದರು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಅನ್ನಿಸಿತು.

"ಸ್ವಲ್ಪ ಹಿಂದಕ್ಕ ನಡೀರಿ" ಅಂದೆ.

"ಯಾಕ?"

"ಸುಮ್ನ. ನಾಕು ಹೆಜ್ಜಿ."

ಟವೆಲ್ ಹೆಗಲಿಗೆ ಹಾಕಿಕೊಂಡರು. "ಡಾಕ್ಟ್ರು ಹೇಳಿದ್ರೇನು?"

ಇನ್ನೊಂದು ಸುಳ್ಳು ಬಾಯಿಯವರೆಗೆ ಬಂತು. ಹೌದು ಅಂದೆ.

"ಬೀಳ್ತೀನಿ, ಗಂಗಾ."

ಎಷ್ಟು ಮೆಲ್ಲಗೆ ಅಂದರೆಂದರೆ ಪಡಸಾಲೆಗೆ ಕೇಳಿಸಿರಲಿಕ್ಕಿಲ್ಲ. "ದೀಪಾವಳಿಯಿಂದ ಹಂಗ ಆಗೇತಿ. ಯಾರ್ಡಿನ್ಯಾಗ ಎರಡು ಸಲ ಬಿದ್ದೀನಿ. ಯಾರಿಗೂ ಹೇಳಬ್ಯಾಡ ಅಂತ ಡ್ರೈವರ್‌ಗೆ ಹೇಳೀನಿ."

"ನಂಗ ಯಾಕ್ ಹೇಳಲಿಲ್ಲ?"

"ನೀ ನನ್ನ ಆ ಮೆಷಿನ್ಯಾಗ ಹಾಕಿದಿ ನೋಡು, ಅವತ್ತ ಗೊತ್ತಾತು ನಿಂಗೂ ಸಂಶಯ ಐತಿ ಅಂತ. ಅದ ಹೇಳ್ಲಿ, ನಾ ಯಾಕ ಹೇಳಲಿ ಅಂತ ಸುಮ್ನಿದ್ದೆ. ಆಮ್ಯಾಲ ನೀ ಬಂದು, ಏನೂ ಇಲ್ಲ, ಬರೇ ಕೂದ್ಲಾನ ಧೂಳು ಅಂದಿ. ಹೋಳಿಗಿ ಮಾಡಿದಿ. ಎಷ್ಟು ದಿನದ ಮ್ಯಾಲ ಹಂಗ ನಕ್ಕಿದ್ದಿ ನೀ. ಹೋಳಿಗಿ ತಿಂತಾ ಹೆಂಗ ಹೇಳಬೇಕಿತ್ತು?"

 ಇವರೇ ಅಂದರು, "ಹಿಂದ ನಿಲ್ಲು. ನಡೀತೀನಿ. ಡಾಕ್ಟ್ರಿಗೆ ನೋಡೀನಿ ಅಂತ ಹೇಳಬೇಕಲ್ಲ ನೀ."

ಹಿಂದೆ ಹೋಗಿ ಕೈ ಚಾಚಿ ನಿಂತೆ. ಬೆನ್ನು ಮಾತ್ರ ಕಾಣುತ್ತಿತ್ತು, ಒಗೆದ ಬನಿಯನ್ನು. ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಮೂರನೆಯದಕ್ಕೆ ಕಾಲು ತಾನೇ ಓಡಿತು. ಪೂರ್ತಿ ಭಾರ ನನ್ನ ಎದೆಗೆ ಬಂದು ಬಿತ್ತು. ಹಿಡಿದೆ. ನಾನೂ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆತು ನಿಂತೆ. ಬಿಡಲಿಲ್ಲ.

"ಏನ್ ಆಟ ಅದು ಇಬ್ಬರದೂ, ಮುಂಜಾನೆದ್ದು? ಮಂದಿ ನೋಡ್ತಾರ" ಅಂದರು ಅತ್ತೆ.  ಎಷ್ಟೋ ಹೊತ್ತು ಹಾಗೇ ಇದ್ದೆವು.

ಈಗ ಒಳಗೆ ಕೂತಿದ್ದಾರೆ, ಚಹಾ ಕುಡಿಯುತ್ತಿದ್ದಾರೆ. ನಾನು ಇಲ್ಲಿ ಮೆಟ್ಟಿಲ ಮೇಲೆ. ಎಡಗೈಯಲ್ಲಿ ಮೊಬೈಲು, ಸರ್ ನಂಬರ್ ಒತ್ತಿದ್ದೇನೆ. ರಿಂಗ್ ಆಗುತ್ತಿದೆ. ಏನು ಹೇಳಬೇಕು ಅಂತ ಮೊದಲು ಬರೆದುಕೊಂಡರೆ ಹೇಳಲು ಬರುತ್ತದೆ. ಸರ್, ನೋಡಿದೆ. ನಮ್ಮ ಮನೆಯವರು...